ಬಹುಮಾನಕ್ಕೆ ಮುಯ್ಯಿ

ಸಂಘಮಿತ್ರಳ ಕೈಗೆ ಮೈಕು ಸಿಕ್ಕಿತೆಂದರೆ ಸಂತೆಯಲ್ಲಿ ಸೊಪ್ಪು ಮಾರುವವರೂ ತಮ್ಮ ಕೂಗು ನಿಲ್ಲಿಸಿ ಒಂದು ಗಳಿಗೆ ಕಿವಿಗೊಡಬೇಕು, ಅಂಥ ಗಂಟಲು. ಪಿರಿಯಾಪಟ್ಟಣದ ಕಾಲೇಜಿನ ವಾರ್ಷಿಕೋತ್ಸವವಿರಲಿ, ಭೇರ್ಯದ ಕಬಡ್ಡಿಯಿರಲಿ, ಹುಣಸೂರಿನ ರಂಗೋಲಿ ಸ್ಪರ್ಧೆಯಿರಲಿ, ಬಹುಮಾನ ಕೊಡುವ ಹೊತ್ತಿಗೆ ನಿರೂಪಣೆಗೆ ಅವಳೇ ಬೇಕು. ಬಿ.ಎಡ್. ಓದುತ್ತಿದ್ದ ಹುಡುಗಿ. ಓದಿಗಿಂತ ಮೈಕಿನ ಮೇಲೇ ಪ್ರೀತಿ ಜಾಸ್ತಿ. ಕಂಪಲಾಪುರದ ಪಕ್ಕದ ಅವರ ಊರಿನಲ್ಲಿ ಎಲ್ಲರ ಬಾಯಲ್ಲೂ ಅವಳು 'ಮೈಕ್ ಮಿತ್ರ'.

ಅಪ್ಪ ಅವ್ವ ಇಬ್ಬರೂ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋಗಿ ವಾರದ ಕೊನೆಗೆ ಬರುತ್ತಿದ್ದರು. ಹಾಗಾಗಿ ಮನೆಯಲ್ಲಿ ಉಳಿದವರು ಸಂಘಮಿತ್ರ, ಅವಳ ಅಜ್ಜಿ ಪುಟ್ಟಮಾದಮ್ಮ, ಮತ್ತೆ ಸಣ್ಣಿ ಅನ್ನುವ ಜರ್ಸಿ ಹಸು. ಸಣ್ಣಿಗೆ ವಯಸ್ಸಾಗುತ್ತ ಬಂದಿತ್ತು. ಕರೆಯುತ್ತಿದ್ದ ಹಾಲು ಕಡಿಮೆ, ಆದರೆ ಬೆರಳು ಅದ್ದಿದರೆ ಅಂಟಿಕೊಳ್ಳುವಷ್ಟು ಗಟ್ಟಿ. ಈ ಸಲ ಅದು ಹೆಣ್ಣುಗರು ಹಾಕಿತ್ತು. ಪಶು ಡಾಕ್ಟರು ನೋಡಿ, ಇನ್ನು ಇದಕ್ಕೆ ಕರು ಆಗುವುದು ಅನುಮಾನ ಅಂದಿದ್ದರು. ಹಾಗಾಗಿ ಆ ಕರುವೇ ಅಜ್ಜಿಯ ಮುಂದಿನ ಹಸು. ಬೆಳಿಗ್ಗೆ ಸಾಯಂಕಾಲ ತಲೆಗೆ ಸೆರಗು ಹೊದ್ದು, ಕ್ಯಾನು ಹಿಡಿದು ಡೇರಿಗೆ ಹೋಗಿ ಹಾಲು ಹಾಕಿ, ಅಲ್ಲಿ ಕಟ್ಟೆಯ ಮೇಲೆ ಊರಿನ ಸುದ್ದಿಯನ್ನೆಲ್ಲ ಕೇಳಿಸಿಕೊಂಡು ಬರುವುದು ಅಜ್ಜಿಗೆ ಊಟದಷ್ಟೇ ಮುಖ್ಯ. ಆ ಕರು ಇಲ್ಲದಿದ್ದರೆ ಇನ್ನು ಸ್ವಲ್ಪ ಕಾಲಕ್ಕೆ ಆ ದಾರಿಯೇ ಮುಚ್ಚಿಹೋಗುತ್ತಿತ್ತು.

ಡೇರಿಯ ಕಾರ್ಯದರ್ಶಿ ಮೂರ್ತಿ ಒಂದು ಸಾಯಂಕಾಲ ಬಂದು ಜಗುಲಿಯ ಮೇಲೆ ಕುಳಿತ.

"ಅಮ್ಮಿ, ಭಾನುವಾರ ಡೇರಿ ಸಭೆ ಐತೆ. ಬಹುಮಾನ ಕೊಡೋದೈತೆ. ಮೈಕ್ ನೀನೇ ಇಡ್ಕೋಬೇಕು."

"ಕೊಡೋದು ಅನ್ಬೇಡಿ ಮೂರ್ತಣ್ಣ!" ಸಂಘಮಿತ್ರ ಕೈಲಿದ್ದ ಪುಸ್ತಕವನ್ನು ಅಲ್ಲೇ ಬಿಸಾಕಿದಳು. "ಬಸ್ಸಲ್ಲಿ ಕಂಡಕ್ಟ್ರು ಟಿಕೆಟ್ ಕೊಡ್ತಾನಲ್ಲ, ಅದು ಕೊಡೋದು. ಸೊಸೈಟಿಲಿ ಅಕ್ಕಿ ಕೊಡ್ತಾರಲ್ಲ, ಅದು ವಿತರಣೆ. ಬಹುಮಾನ ಅಂದ್ರೆ ಪ್ರದಾನ ಮಾಡ್ಬೇಕು. ಪ್ರದಾನ ಅಂದ್ರೆ ಸಾಕು, ಕೇಳ್ದೋರ ಕಣ್ಮುಂದೆ ಶಾಲು, ಹಾರ, ಫೋಟೋ ಎಲ್ಲಾ ಬಂದ್ಬುಡ್ಬೇಕು."

"ಏನಾರ ಮಾಡವ್ವ. ಬಿಂದಿಗೆ ಈಸ್ಕಂಡೋರು ನೆಟ್ಗೆ ಮನೆ ಸೇರುದ್ರೆ ಸಾಕು ನಂಗೆ."

"ಗಟ್ಟಿ ಹಾಲಿನ ಬಹುಮಾನ ಯಾರ್ಗೆ?"

ಮೂರ್ತಿ ಕೊಟ್ಟಿಗೆಯ ಕಡೆ ತಿರುಗಿ, ಸಣ್ಣಿಯ ಕೆಚ್ಚಲಿಗೆ ನೀರು ಚಿಮುಕಿಸುತ್ತಿದ್ದ ಪುಟ್ಟಮಾದಮ್ಮನನ್ನು ನೋಡಿ ನಕ್ಕ. ಸಂಘಮಿತ್ರಳಿಗೆ ಅಷ್ಟೇ ಸಾಕಾಯಿತು. ಇಷ್ಟು ದಿನ ಊರವರ ಅಜ್ಜಿಯರಿಗೆಲ್ಲ ಬಹುಮಾನ ಕೂಗಿದ್ದವಳು ಈಗ ತನ್ನ ಅಜ್ಜಿಗೇ ಕೂಗಬೇಕು.

ಶನಿವಾರ ಇಡೀ ದಿನ ಸಣ್ಣಿಯ ಮುಂದೆ ನಿಂತು ಅಭ್ಯಾಸ ಮಾಡಿದಳು. "ಮಾನ್ಯ ಅಧ್ಯಕ್ಷರು ಈಗ ಬಹುಮಾನವನ್ನು ಪ್ರದಾನ ಮಾಡಲಿದ್ದಾರೆ!" ಸಣ್ಣಿ ಮೆಲುಕು ಹಾಕುತ್ತಲೇ ಇತ್ತು. ಅಜ್ಜಿ ಮಾತ್ರ ಒಳಗಿಂದ ಇಣುಕಿ, "ಯಾರ್ನಮ್ಮಿ ಅಂಗೆ ಬೈತಾ ಇದೀಯ?" ಎಂದಳು.

ಸಭೆಯ ದಿನ ಡೇರಿಯ ಮುಂದೆ ಶಾಮಿಯಾನ ಹಾಕಿದ್ದರು. ಅಧ್ಯಕ್ಷ ಕೆಂಪಯ್ಯ ತನ್ನ ತಾಯಿಯ ನೆನಪಿಗಾಗಿ ಆ ವರ್ಷದ ಬಹುಮಾನಗಳನ್ನೆಲ್ಲ ತಾನೇ ತರಿಸಿದ್ದ. ಮೇಜಿನ ಮೇಲೆ ಸ್ಟೀಲಿನ ಬಿಂದಿಗೆಗಳು ಸಾಲಾಗಿ ಹೊಳೆಯುತ್ತಿದ್ದವು. ಸಂಘಮಿತ್ರ ಎಲ್ಲವನ್ನೂ ಸರಾಗವಾಗಿ ನಡೆಸಿಕೊಂಡು ಬಂದಳು. ಸ್ವಾಗತ ಆಯಿತು, ದೀಪ ಆಯಿತು, ಭಾಷಣ ಆಯಿತು. ಕೊನೆಗೆ ಪುಟ್ಟಮಾದಮ್ಮನ ಹೆಸರು ಕೂಗಿದಾಗ ಹೆಂಗಸರ ನಡುವೆ ಕಾಲು ಮಡಚಿ ಕುಳಿತಿದ್ದ ಅಜ್ಜಿ, ಇದ್ಯಾವ ಪುಟ್ಟಮಾದಮ್ಮ ಎಂದು ಹಿಂದೆ ತಿರುಗಿ ಹುಡುಕತೊಡಗಿದಳು. ಆ ಹುಡುಕಾಟ ನೋಡಿದ್ದೇ ಸಂಘಮಿತ್ರಳಿಗೆ ಕಲಿತದ್ದೆಲ್ಲ ಮರೆತುಹೋಯಿತು.

"ಅಜ್ಜೀ, ನಿನ್ಗೇ ಕಣಜ್ಜಿ! ಕೆಂಪಯ್ಯೋರು ಬಹುಮಾನ ಕೊಡ್ತಾವ್ರೆ, ಬಂದು ಈಸ್ಕೊ ಬಾ!"

ಶಾಮಿಯಾನವೆಲ್ಲ ನಗೆ. ಪುಟ್ಟಮಾದಮ್ಮ ನಾಚಿಕೊಂಡು ಎದ್ದಳು. ಕೆಂಪಯ್ಯ ಕೊಟ್ಟ ಬಿಂದಿಗೆಯನ್ನು ಎರಡೂ ಕೈಯಲ್ಲಿ ಈಸಿಕೊಂಡು ಕಣ್ಣಿಗೊತ್ತಿಕೊಂಡಳು. ಫೋಟೋದವನು ಇತ್ತ ನೋಡಿ ಅಂದರೆ ಬಿಂದಿಗೆಯನ್ನೇ ನೋಡಿದಳು. ಪ್ರದಾನ ಅನ್ನುವ ಮಾತು ಸಂಘಮಿತ್ರಳ ಬಾಯಲ್ಲೇ ಉಳಿದುಹೋಯಿತು. ಅದಕ್ಕೆ ಅವಳಿಗೆ ಬೇಸರವೂ ಆಗಲಿಲ್ಲ.

ತೊಡಕು ಶುರುವಾದದ್ದು ಮನೆಗೆ ಬಂದ ಮೇಲೆ.

ಅಡುಗೆ ಮನೆಯ ಹಲಗೆಯ ಮೇಲೆ ಪುಟ್ಟಮಾದಮ್ಮನ ಪಾತ್ರೆಗಳ ಸಾಲಿತ್ತು. ಒಂದೊಂದೂ ಒಂದೊಂದು ಮದುವೆಯಲ್ಲಿ, ಗೃಹಪ್ರವೇಶದಲ್ಲಿ ಮುಯ್ಯಿ ಬಂದದ್ದು. ಆ ಕಡೆ ಪಾತ್ರೆ ಅಂಗಡಿಯವರು ಮುಯ್ಯಿಗೆಂದು ಕೊಂಡ ಪಾತ್ರೆಗೆಲ್ಲ ಕೊಟ್ಟವರ ಹೆಸರನ್ನು ಚುಕ್ಕಿಚುಕ್ಕಿಯಾಗಿ ಕೆತ್ತಿಕೊಡುತ್ತಾರೆ. ಪುಟ್ಟಮಾದಮ್ಮನಿಗೆ ಓದು ಬರದು. ಬೆರಳಿನಿಂದ ಚುಕ್ಕಿ ಸವರಿದರೆ ಮಾತ್ರ, ಇದು ತಮ್ಮನ ಮನೆಯದು, ಇದು ಕಿತ್ತೂರಿನ ಬೀಗರದು ಎಂದು ಹೇಳಿಬಿಡುತ್ತಿದ್ದಳು. ಹೊಸ ಬಿಂದಿಗೆಯನ್ನು ಸಾಲಿನಲ್ಲಿ ಇಡಲು ಹೋದವಳ ಬೆರಳು ಅದರ ಕತ್ತಿನ ಮೇಲೆ ನಿಂತಿತು.

"ಅಮ್ಮಿ, ಇಲ್ಲೇನೋ ಕೆತ್ತವ್ರಲ್ಲ. ಓದು ವಸಿ."

ಸಂಘಮಿತ್ರ ಓದಿದಳು: "ಕೆಂಪಯ್ಯ, ಚಾಮುಂಡಮ್ಮ ಮತ್ತು ಮಕ್ಕಳು."

ಅಂಗಡಿಯವನು ಕೈಗೆ ಬಂದ ಅಭ್ಯಾಸದಂತೆ ಕೆತ್ತಿಬಿಟ್ಟಿದ್ದ. ಕೆಂಪಯ್ಯನೂ ಅದನ್ನು ನೋಡಿರಲಿಲ್ಲ. ಅಜ್ಜಿ ಬಿಂದಿಗೆಯನ್ನು ಸಾಲಿನ ತುದಿಯಲ್ಲಿಟ್ಟು, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತಳು.

ಮಾರನೆಯ ಬೆಳಿಗ್ಗೆ ಹಾಲು ಹಾಕಿ ಬಂದವಳೇ ಕೇಳಿದಳು. "ಕೆಂಪಯ್ಯನ ಮಗಳು ವಾಣಿಶ್ರೀ ಮದ್ವೆ ಮುಂದಿನ ತಿಂಗ್ಳಲ್ವಾ?"

"ಹೂಂ ಅಜ್ಜಿ. ಹುಣಸೂರಲ್ಲಿ ಛತ್ರ. ಗಂಡು ಎಚ್.ಡಿ. ಕೋಟೆಯೋರು. ಮುಯ್ಯಿ ಕೂಗಕ್ಕೆ ನನ್ನೇ ಕರ್ದವ್ರೆ."

"ಒಳ್ಳೇದಾಯ್ತು ಬುಡು. ಅಂಗಾರೆ ನೀನೇ ಕೂಗೀಯ. ಸಣ್ಣಿ ಕರನ ಮುಯ್ಯಿ ಬುಡ್ತೀನಿ ಆ ಮಗೀಗೆ."

ಸಂಘಮಿತ್ರ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು.

ಮುಯ್ಯಿಯ ಲೆಕ್ಕ ಅವಳಿಗೂ ಗೊತ್ತಿಲ್ಲದ್ದೇನಲ್ಲ. ಒಬ್ಬರ ಮನೆಯಿಂದ ಬಂದದ್ದು ಅವರ ಮನೆಯ ಕಾರ್ಯಕ್ಕೆ ತಿರುಗಿ ಹೋಗಲೇಬೇಕು. ಬಂದದ್ದಕ್ಕಿಂತ ಒಂದು ಕೈ ಮೇಲಿರಬೇಕು, ಕಡಿಮೆಯಾಗಕೂಡದು. ಅದನ್ನು ಅಜ್ಜಿ ಎಂದೂ ತಪ್ಪಿಸಿದವಳಲ್ಲ. ತಾತ ತೀರಿಕೊಂಡ ವರ್ಷವೂ ಯಾರ ಮನೆಯ ಮುಯ್ಯಿಯನ್ನೂ ಉಳಿಸಿಕೊಂಡಿರಲಿಲ್ಲ. ಆದರೆ ಬಹುಮಾನಕ್ಕೆ ಮುಯ್ಯಿಯೇ?

"ಅಜ್ಜಿ, ಅದು ಮುಯ್ಯಿ ಅಲ್ಲ. ಅದು ನೀ ಗೆದ್ದಿದ್ದು."

"ನಾನೆಲ್ಲಮ್ಮಿ ಗೆದ್ದೆ? ಹಾಲು ಸಣ್ಣೀದು. ಗೆದ್ದೋಳು ಸಣ್ಣಿ. ಅದ್ಕೇ ಅವಳ ಮಗಳೇ ಓಗ್ಲಿ ಅಂದಿದ್ದು."

"ಬಿಂದಿಗೆಗೆ ಒಂದು ದೊಡ್ಡ ಬಿಂದಿಗೆ ಕೊಟ್ರೆ ಆಗಲ್ವಾ?"

"ಆಗಲ್ಲ ಕಣಮ್ಮಿ. ಮನೇಲಿ ಕುಂತು ಕೊಟ್ಟಿದ್ರೆ ಆಗಿರೋದು. ಈಟು ಜನದ ಮುಂದೆ, ನೀನು ಮೈಕಲ್ಲಿ ಕೂಗಿ, ಫೋಟೋ ಇಡ್ದು ಕೊಟ್ಟವ್ರೆ. ಅದ್ರ ತೂಕ ಬ್ಯಾರೆ. ಅಲ್ದೆ ಮದ್ವೆ ಎಣ್ಣಿಗೆ ಕರ ಕೊಡೋದು ಇಂದ್ಲಿಂದ ಬಂದದ್ದು."

ಸಂಘಮಿತ್ರ ಚಾಪೆಯ ಮೇಲೆ ಅಜ್ಜಿಯ ಎದುರಿಗೆ ಕುಳಿತು, ತನ್ನ ಓದನ್ನೆಲ್ಲ ಒಟ್ಟುಗೂಡಿಸಿ, ಬಿಡಿಸಿ ಹೇಳಿದಳು. "ನೋಡಜ್ಜಿ, ಕೊಡೋದ್ರಲ್ಲಿ ಬ್ಯಾರೆ ಬ್ಯಾರೆ ಐತೆ. ಬಹುಮಾನ ಕೊಡೋದು ಅಂದ್ರೆ ವಾಪಸ್ ಬೇಡ ಅಂತಲೇ ಕೊಡೋದು."

ಅಜ್ಜಿ ಅವಳ ಮುಖವನ್ನೇ ನೋಡಿದಳು. "ವಾಪಸ್ ಬ್ಯಾಡ ಅಂತ ಕೊಡೋದು ಬಿಕ್ಸ ಬೇಡೋರ್ಗೆ ಕಣವ್ವ. ಕೆಂಪಯ್ಯ ನನ್ನ ಅಂಗೆ ತಿಳ್ಕಂಡಾನಾ?"

ಸಂಘಮಿತ್ರ ಎದ್ದು ಹೋಗಿ ಕರುವಿನ ಕತ್ತು ತುರಿಸುತ್ತ ನಿಂತಳು. ಅದು ಅವಳ ದುಪಟ್ಟದ ತುದಿಯನ್ನು ಬಾಯಿಗೆ ಹಾಕಿಕೊಂಡು ಸುಖವಾಗಿ ಜಗಿಯತೊಡಗಿತು.

ಅವಳು ಸುಮ್ಮನಿರುವ ಜಾತಿಯಲ್ಲ. ಸೀದಾ ಕೆಂಪಯ್ಯನ ಮನೆಗೆ ಹೋಗಿ ಎಲ್ಲ ಹೇಳಿದಳು. ಕೆಂಪಯ್ಯ ಬಿದ್ದುಬಿದ್ದು ನಕ್ಕ, ಆಮೇಲೆ ಗಾಬರಿಯಾದ. ಅವತ್ತೇ ಸಾಯಂಕಾಲ ಬೈಕು ಹತ್ತಿ ಪುಟ್ಟಮಾದಮ್ಮನ ಜಗುಲಿಗೆ ಬಂದ.

"ಅವ್ವೋ, ಆ ಬಿಂದಿಗೆಗೆ ನೀನೇನೂ ಕೊಡ್ಬೇಕಾಗಿಲ್ಲ. ಮದ್ವೆಗೆ ಬಂದು ಮಕ್ಳಿಗೆ ಅಕ್ಷತೆ ಹಾಕ್ಬುಟ್ಟು, ಊಟ ಮಾಡ್ಕಂಡು ಓಗು, ಅಷ್ಟೇಯ."

"ಆಗ್ಲಪ್ಪ, ಆಗ್ಲಿ," ಎಂದಳು ಪುಟ್ಟಮಾದಮ್ಮ. "ಕಾಪಿ ಕುಡಿ."

ಅವನ ಬೈಕು ತಿರುವು ದಾಟುತ್ತಲೇ ಮೊಮ್ಮಗಳಿಗೆ ಹೇಳಿದಳು. "ನೋಡ್ದಾ, ದೊಡ್ ಮನಸ್ಸು ಅವನ್ದು. ಏನೂ ಬ್ಯಾಡ ಅಂತ ಎಲ್ರೂ ಅಂತಾರೆ ಕಣಮ್ಮಿ, ಮನೇಗೆ ಬಂದು ಅನ್ನೋರು ಯಾರವ್ರೆ? ಅಂತೋನ್ಗೆ ಕರ ಕೊಟ್ರೂ ಕಮ್ಮಿನೇ."

ಸಂಘಮಿತ್ರ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಮುಯ್ಯಿ ಕೊಟ್ಟವರು 'ಏನೂ ಬೇಡ' ಅನ್ನುವುದು, ತೆಗೆದುಕೊಂಡವರು 'ಆಗಲಿ' ಅಂದು ಆಮೇಲೆ ತಮ್ಮ ಪಾಡಿಗೆ ತಾವು ಕೊಡುವುದು, ಆ ಊರಿನಲ್ಲಿ ಎಲ್ಲ ಮನೆಗಳಲ್ಲೂ ನಡೆಯುತ್ತಿದ್ದದ್ದೇ. ಕೆಂಪಯ್ಯ ಬಂದು ಬಿಡಿಸಬೇಕೆಂದಿದ್ದ ಗಂಟನ್ನು ಇನ್ನೊಂದು ಸುತ್ತು ಬಿಗಿದು ಹೋಗಿದ್ದ.

ಉಳಿದದ್ದು ಒಂದೇ ದಾರಿ. ಚಿಕ್ಕಪ್ಪನ ಮಗ ಕಿರಣ್‌ಕುಮಾರನ ಲಗೇಜ್ ಆಟೋದಲ್ಲಿ ಕರುವನ್ನು ಹುಣಸೂರಿಗೆ ಸಾಗಿಸುವುದೆಂದು ಅಜ್ಜಿ ಗೊತ್ತು ಮಾಡಿದ್ದಳು. ಸಂಘಮಿತ್ರ ಅವನ ಕಿವಿಯಲ್ಲಿ, "ಅವತ್ತು ಬೆಳಿಗ್ಗೆ ಆಟೋ ಕೆಟ್ಟೋಗ್ಬೇಕು. ಗೊತ್ತಾಯ್ತೇನ್ಲಾ?" ಎಂದು ಹೇಳಿಟ್ಟಳು. ಅವನು, "ನನ್ನ ಆಟೋಗೆ ಅದೇನು ಹೊಸದಾ, ಬುಡಕ್ಕ," ಎಂದು ಒಪ್ಪಿಕೊಂಡ.

ಮದುವೆಯ ದಿನ ಬೆಳಿಗ್ಗೆ ಸಂಘಮಿತ್ರ ಮುಂಚೆಯೇ ಬಸ್ಸು ಹತ್ತಿ ಹುಣಸೂರು ಸೇರಿದಳು. ಧಾರೆ ಮುಗಿಯಿತು. ಮಂಟಪದ ಪಕ್ಕದಲ್ಲಿ ಮೈಕು ಹಿಡಿದು ಮುಯ್ಯಿ ಕೂಗಲು ನಿಂತಳು. ಭೇರ್ಯದ ನೆಂಟರಿಂದ ಕುಕ್ಕರು, ಪಿರಿಯಾಪಟ್ಟಣದ ಸ್ನೇಹಿತರಿಂದ ಗೋಡೆ ಗಡಿಯಾರ, ಕೆ.ಆರ್. ನಗರದ ಸೋದರಮಾವನಿಂದ ಬೀರು. ಒಂದೊಂದನ್ನೂ ರಾಗವಾಗಿ ಕೂಗುತ್ತಿದ್ದಳು, ಕಣ್ಣು ಮಾತ್ರ ಬಾಗಿಲ ಕಡೆಗೇ. ಅಜ್ಜಿ ಬರಲಿಲ್ಲ. ಅಬ್ಬ ಎನ್ನುವಷ್ಟರಲ್ಲಿ ಹೊರಗೆ ಮಕ್ಕಳ ಗಲಾಟೆ ಎದ್ದಿತು, ಅದರ ಹಿಂದೆಯೇ "ಅಂಬಾ" ಎಂಬ ಕೂಗು ಛತ್ರದೊಳಗೆಲ್ಲ ಕೇಳಿಸಿತು.

ಕಿರಣ್‌ಕುಮಾರ್ ಬೆವರು ಒರೆಸಿಕೊಳ್ಳುತ್ತ ಮೈಕಿನ ಹತ್ತಿರ ಓಡಿಬಂದ.

"ಅಕ್ಕ, ಬೈಬೇಡ. ಆಟೋ ಕೆಟ್ಟೋಯ್ತು ಅಂದೆ. 'ಅಂಗಾರೆ ನಡ್ಕಂಡೇ ಓಯ್ತೀನಿ' ಅಂತ ಅಗ್ಗ ಇಡ್ಕಂಡು ರೋಡಿಗೆ ಇಳ್ದೇಬುಟ್ಳು. ಹುಣಸೂರ್ ಗಂಟ ನಡುಸ್ಲಾ? ಆಟೋ ಸರಿ ಆಗ್ಬುಡ್ತು."

ಬಾಗಿಲಲ್ಲಿ ಪುಟ್ಟಮಾದಮ್ಮ. ಸಭೆಗೆ ಉಟ್ಟಿದ್ದ ಸೀರೆಯನ್ನೇ ಉಟ್ಟಿದ್ದಳು. ಕರುವಿನ ಮೈ ತೊಳೆದು ಹಣೆಗೆ ಅರಿಶಿನ ಕುಂಕುಮ ಇಟ್ಟು, ಕತ್ತಿಗೆ ಸೇವಂತಿಗೆ ಹಾರ ಹಾಕಿದ್ದಳು. ಹಾರದ ಅರ್ಧವನ್ನು ಕರು ಆಗಲೇ ತಿಂದಿತ್ತು. ಒಳಗಿದ್ದ ಜನವೆಲ್ಲ ಎದ್ದು ಬಂದು ಸುತ್ತ ನಿಂತರು. ಕೆಂಪಯ್ಯ ವೇದಿಕೆಯಿಂದಲೇ ಸಂಘಮಿತ್ರಳ ಕಡೆ ನೋಡಿ, ಈಗೇನು ಮಾಡುವುದು ಎಂಬಂತೆ ಎರಡೂ ಕೈ ಅಗಲಿಸಿದ.

ಮೈಕು ಅವಳ ಕೈಯಲ್ಲಿತ್ತು. ಅಯ್ಯೋ ಇದೆಲ್ಲ ತಪ್ಪು ತಿಳಿವಳಿಕೆ, ಬಹುಮಾನಕ್ಕೆ ಮುಯ್ಯಿ ಇಲ್ಲ ಎಂದು ಒಂದು ಮಾತು ಅಂದಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರು, ಕರುವೂ ಉಳಿಯುತ್ತಿತ್ತು. ಅಜ್ಜಿ ಕತ್ತೆತ್ತಿ ಅವಳನ್ನೇ ನೋಡುತ್ತಿದ್ದಳು. ತಾನು ಯಾರ ಹಂಗಿನಲ್ಲೂ ಇಲ್ಲ ಎನ್ನುವ ಮುಖ ಅದು. ಆ ಮುಖವನ್ನು ಅಷ್ಟು ಜನದ ಮುಂದೆ ಇಳಿಸಲು ಸಂಘಮಿತ್ರಳಿಗೆ ಬಾಯಿ ಬರಲಿಲ್ಲ. ಪ್ರದಾನ, ಸಮರ್ಪಣೆ, ಯಾವ ದೊಡ್ಡ ಮಾತೂ ನೆನಪಾಗಲಿಲ್ಲ.

"ಕೇಳ್ಸ್ಕಳ್ರಪ್ಪಾ," ಎಂದಳು. "ನಮ್ಮಜ್ಜಿ ಪುಟ್ಟಮಾದಮ್ಮ. ಡೇರಿಗೆ ಗಟ್ಟಿ ಹಾಲು ಹಾಕಿ ಬಿಂದಿಗೆ ಬಹುಮಾನ ಈಸ್ಕಂಡೋಳು. ಇವತ್ತು ವಾಣಿಶ್ರೀಗೆ ಕರ ಕೊಡ್ತಾವ್ಳೆ. ಸಣ್ಣಿಗೆ ಇದು ಕಡೇ ಕರ. ಇದನ್ನ ನಮ್ಮಜ್ಜಿ ಮಡ್ಲಲ್ಲಿ ಇಕ್ಕಂಡು ಸಾಕವ್ಳೆ..." ಅಲ್ಲಿಗೆ ಅವಳ ಗಂಟಲು ಕಟ್ಟಿತು. ಕಂಪಲಾಪುರದ ಸಂತೆಗೇ ಕೇಳುವ ಗಂಟಲು.

ಜನ ಚಪ್ಪಾಳೆ ತಟ್ಟಿದರು. ಆ ಗಲಾಟೆಯಲ್ಲಿ ಗಂಟಲು ಕಟ್ಟಿದ್ದನ್ನು ಗಮನಿಸಿದವಳು ಒಬ್ಬಳೇ, ಕೆಂಪಯ್ಯನ ಹೆಂಡತಿ ಚಾಮುಂಡಮ್ಮ. ಆಕೆ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಬಂದಳು. ಮುಯ್ಯಿಯ ಲೆಕ್ಕ ಗಂಡಸರಿಗೇನು ಗೊತ್ತು, ಅದನ್ನು ನಡೆಸುವವರು ಹೆಂಗಸರು. ಬೇಡ ಎನ್ನಲಿಲ್ಲ. ಕರುವಿನ ಹಗ್ಗವನ್ನು ಎರಡೂ ಕೈಯಲ್ಲಿ ಈಸಿಕೊಂಡಳು, ತಲೆ ಸವರಿದಳು, ಮಗಳನ್ನು ಕರೆದು ಹಗ್ಗ ಮುಟ್ಟಿಸಿದಳು. ಪುಟ್ಟಮಾದಮ್ಮನ ಮುಖ ಅರಳಿತು. ಸಂಘಮಿತ್ರ ಮೈಕು ಕೆಳಗಿಟ್ಟು ಕಣ್ಣೊರೆಸಿಕೊಂಡಳು.

ಅಷ್ಟಾದ ಮೇಲೆ ಚಾಮುಂಡಮ್ಮ ಹೇಳಿದಳು. "ಅವ್ವಾ, ಕರ ನಮ್ಮದಾಯ್ತಲ್ಲ?"

"ಆಯ್ತು ಕಣವ್ವ. ನಿನ್ನ ಮಗಳ್ದು."

"ಅಂಗಾರೆ ಒಂದು ಮಾತು. ಅಳಿಯನ ಮನೆ ಕ್ವಾಟೆ ಪ್ಯಾಟೆ ಒಳ್ಗೆ, ಬಸ್‌ಸ್ಟ್ಯಾಂಡ್ ಹಿಂದೆ, ಮಹಡಿ ಮ್ಯಾಲೆ. ಕರ ಕಟ್ಟಾಕ್ಕೆ ಗೂಟ ಎಲ್ಲಿ ಒಡೀಲಿ, ಹಾಲ್ ಒಳ್ಗಾ?"

ಸುತ್ತ ನಿಂತವರು ನಕ್ಕರು. ಮದುಮಗ ತಲೆ ತಗ್ಗಿಸಿದ.

"ಅದ್ಕೇ ನಮ್ಮ ಕರನ ನಿಂಗೆ ಸಾಕೋಕೆ ಕೊಡ್ತೀನಿ. ನೀನು ಸಾಕ್ಬೇಕು. ದೊಡ್ದಾಗಿ ಈದ್ರೆ ಹಾಲು ಸಾಕಿದೋರ್ದು. ಗಿಣ್ಣು ಮಾತ್ರ ನಮ್ಮ ಮನೇಗೆ ಬರ್ಬೇಕು. ತಪ್ಪುಸ್ಬಾರ್ದು ಮತ್ತೆ!"

ಒಬ್ಬರ ದನವನ್ನು ಇನ್ನೊಬ್ಬರು ಕಟ್ಟಿಕೊಂಡು ಸಾಕುವುದು ಆ ಕಡೆ ಹಳೆಯ ಪದ್ಧತಿ. ಅದರಲ್ಲಿ ಹಂಗಿಲ್ಲ, ಮರ್ಯಾದೆಯಿದೆ. ದನ ಸಾಕಲು ಬಲ್ಲವರ ಕೈಗೇ ಕೊಡುತ್ತಾರೆ. ಇನ್ನು ಗಿಣ್ಣು. ಹಸು ಈದ ಹೊಸದರಲ್ಲಿ ಕರೆಯುವ ಆ ಹಾಲನ್ನು ಡೇರಿಯಲ್ಲಿ ತೆಗೆದುಕೊಳ್ಳುವುದಿಲ್ಲ, ಯಾರೂ ಮಾರುವುದಿಲ್ಲ, ಬೇಕಾದವರ ಮನೆಗೆ ಕೊಟ್ಟು ಕಳಿಸುತ್ತಾರೆ.

ಪುಟ್ಟಮಾದಮ್ಮ ಯೋಚಿಸಿದಳು. ಕೊಟ್ಟದ್ದು ಕೊಟ್ಟಾಗಿದೆ. ಅದೂ ಎಲ್ಲರ ಮುಂದೆ, ಮೈಕಿನಲ್ಲಿ. ಈಗ ಆಕೆ ಕರುವನ್ನು ವಾಪಸ್ ಕೊಡುತ್ತಿಲ್ಲ, ಸಾಕುವ ಕೆಲಸ ಕೇಳುತ್ತಿದ್ದಾಳೆ.

"ನಿನ್ನ ಮಗಳ ಕರ ಅಂದ್ಮೇಲೆ ಇಂಡಿ ಬೂಸಕ್ಕೆ ಕಮ್ಮಿ ಮಾಡಕ್ಕಾಯ್ತದಾ? ಸಾಕ್ತೀನಿ ಬುಡವ್ವ," ಎಂದು ಹಗ್ಗ ಈಸಿಕೊಂಡಳು. ಆಮೇಲೆ ಮೊದಲ ಪಂಕ್ತಿಯಲ್ಲೇ ಕುಳಿತು, ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡು ಉಂಡಳು.

ಮಧ್ಯಾಹ್ನ ಕಿರಣ್‌ಕುಮಾರನ ಆಟೋ ಕಂಪಲಾಪುರದ ಕಡೆ ಹೊರಟಿತು. ಹಿಂದೆ ತೊಟ್ಟಿಯಲ್ಲಿ ಅಜ್ಜಿ, ಮೊಮ್ಮಗಳು, ನಡುವೆ ಕರು. ರಸ್ತೆಯ ಪಕ್ಕದ ಹೊಲಗಳಲ್ಲಿ ಹೊಗೆಸೊಪ್ಪು ಆಳೆತ್ತರ ನಿಂತಿತ್ತು. ಗಾಳಿಗೆ ಅಜ್ಜಿಯ ಸೆರಗು ಹಾರಿ ಹಾರಿ ಕರುವಿನ ಮುಖದ ಮೇಲೆ ಬೀಳುತ್ತಿತ್ತು.

"ಲೇ ವಾಣಿ, ಸುಮ್ನೆ ನಿಂತ್ಕೋ," ಎಂದಳು ಅಜ್ಜಿ ಕರುವಿಗೆ.

"ವಾಣಿ ಅಂತ ಎಸ್ರಿಟ್ಬುಟ್ಟಾ? ಆ ವಾಣಿಶ್ರೀಗೆ ಗೊತ್ತಾದ್ರೆ!"

"ಅವಳ ಕರ ಅಲ್ವಾ, ಅವಳ ಎಸ್ರೇ ಇರ್ಲಿ." ಅಜ್ಜಿ ಹಾರುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು. "ಅಮ್ಮಿ, ಬರೋ ವರ್ಸನೂ ಡೇರೀಲಿ ಬಹುಮಾನ ಕೊಡ್ತಾರಾ?"

"ಯಾಕಜ್ಜಿ?"

"ಏನಿಲ್ಲ. ಕೆಂಪಯ್ಯನ ಮಗ ಇನ್ನಾ ಕಾಲೇಜು. ಅವನ ಮದ್ವೆಗೆ ಸ್ಯಾನೆ ಟೈಮೈತೆ. ಅಷ್ಟೊತ್ಗೆ ಈ ವಾಣಿನೂ ಒಂದು ಕರ ಹಾಕಿರ್ತಾಳೆ, ನೋಡ್ಕಳನ ಬುಡು."

ಸಂಘಮಿತ್ರ ನಗುತ್ತಲೇ ಫೋನು ತೆಗೆದು ಡೇರಿಯ ಮೂರ್ತಿಗೆ ಮಾಡಿದಳು. ಆಟೋದ ಸದ್ದಿನಲ್ಲಿ ಕೂಗಬೇಕಾಯಿತು, ಕೂಗುವುದು ಅವಳಿಗೇನು ಕಷ್ಟ.

"ಮೂರ್ತಣ್ಣಾ! ಬರೋ ವರ್ಷದ ಬಿಂದಿಗೆ ತರಕ್ಕೆ ಪಾತ್ರೆ ಅಂಗಡಿಗೆ ನಾನೂ ಬತ್ತೀನಿ. ಒಂದು ಚುಕ್ಕೀನೂ ಕೆತ್ತುಸ್ಬಾರ್ದು, ಗೊತ್ತಾಯ್ತಾ?"